ನೂರಾ ಒಂದು ಪದದ ಹಿಟ್ಟು

ನಮ್ಮ ಮನೆಯಲ್ಲಿ ಹಿಟ್ಟನ್ನು ಸೇರಿನಿಂದ ಅಳೆಯುತ್ತಿರಲಿಲ್ಲ, ಪದದಿಂದ ಅಳೆಯುತ್ತಿದ್ದೆವು. ಪದ ಎಂದರೆ ಬೀಸುಕಲ್ಲಿನ ಮುಂದೆ ಕೂತು ಹೆಂಗಸರು ಹೇಳುವ ಹಾಡು. ನಮ್ಮಜ್ಜಿಯ ಒಂದು ಪದ ಶುರುವಾಗಿ ಮುಗಿಯುವಷ್ಟರಲ್ಲಿ ಅರ್ಧ ಸೇರು ಜೋಳ ಹಿಟ್ಟಾಗಿರುತ್ತಿತ್ತು. ಹೊಲಕ್ಕೆ ಎರಡು ಆಳು ಹೆಚ್ಚಿಗೆ ಬಂದರೆ ಅವ್ವ ಒಲೆಯ ಮುಂದಿನಿಂದಲೇ, "ಅತ್ತೀ, ಇವತ್ತ ಎರಡು ಪದ ಜಾಸ್ತಿ ಬೀಸ್ರಿ" ಎನ್ನುತ್ತಿದ್ದಳು. ಬೀಗರು ಬಂದರೆ ಆರು ಪದ. ಬೀಗರು ಉಳಿಯುವ ಲಕ್ಷಣ ಕಂಡರೆ ಎಂಟು. ಮದುವೆಯಾಗಿ ಸಿಂಧನೂರಿನ ಗಂಡನ ಮನೆಗೆ ಹೋದ ಮೊದಲನೆಯ ದಿನ ನಾನು ನಮ್ಮತ್ತೆಯನ್ನು, "ಎಷ್ಟು ಪದದ್ದು ನಾದಲ್ರೀ?" ಎಂದು ಕೇಳಿ, ಹುಡುಗಿಗೆ ತಲೆ ಸರಿಯಿಲ್ಲ ಎನ್ನಿಸಿಕೊಂಡೆ. ಊರೆಲ್ಲ ಹಾಗೆಯೇ ಅಳೆಯುತ್ತದೆ ಎಂದು ನಾನು ತಿಳಿದಿದ್ದೆ.

ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಎತ್ತರದ ಹೆಂಗಸು. ಒಣಕಲು ಮೈ, ತೋಳು ಮಾತ್ರ ಗಂಡಸಿನವು. ತಾತ ನಮ್ಮಪ್ಪನ ಎಳವೆಯಲ್ಲಿಯೇ ತೀರಿಹೋಗಿದ್ದ. ಮಸ್ಕಿಯ ಹೊರಗೆ ನಮಗಿದ್ದ ಒಂದು ತುಂಡು ಎರೆಹೊಲವನ್ನು ಆಯಿ ತಾನೇ ನೋಡಿಕೊಂಡು, ಹತ್ತಿ ಬಿಡಿಸುವ ಕಾಲಕ್ಕೆ ಸಿಂಧನೂರಿನ ಕಡೆಯ ಹೊಲಗಳಿಗೆ ಕೂಲಿಗೂ ಹೋಗಿ, ಮಗನನ್ನು ಉರ್ದು ಸಾಲೆ ಓದಿಸಿದಳು. ಆಗಿನ್ನೂ ಆ ಕಡೆ ಕಾಲುವೆ ಬಂದಿರಲಿಲ್ಲ. ಈಗ ಭತ್ತ ಬೆಳೆಯುವ ನೆಲದಲ್ಲೆಲ್ಲ ಜೋಳ, ಹತ್ತಿ. ಅನ್ನ ಎಂದರೆ ಹಬ್ಬದ ಮಾತು. ನಿಜಾಮರ ಸರ್ಕಾರ, ಕಚೇರಿಯ ಭಾಷೆ ಉರ್ದು. ಓದಿದ್ದಕ್ಕೆ ಅಪ್ಪನಿಗೆ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಶುಕ್ರವಾರ ಸರ್ಕಾರಿ ರಜೆ. ಗುರುವಾರ ಸಂಜೆ ಸಿಕ್ಕ ಬಂಡಿ ಹತ್ತಿ ಮನೆಗೆ ಬಂದರೆ ಶನಿವಾರ ನಸುಕಿಗೆ ಹೊರಟುಬಿಡುತ್ತಿದ್ದ.

ಬೆಳಗಾಗೆದ್ದು ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವವರೆಗೆ ಆಯಿ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಆಮೇಲೆ ಕಲ್ಲಿನ ಮುಂದೆ ಕೂರುತ್ತಿದ್ದಳು. ಎದುರಿಗೆ ನಾನು, ಕಲ್ಲಿನ ಬಾಯಿಗೆ ಒಂದೊಂದು ಹಿಡಿ ಜೋಳ ಹಾಕುವುದು ನನ್ನ ಕೆಲಸ. ಗೂಟ ಹಿಡಿದು ಕಲ್ಲು ಎರಡು ಸುತ್ತು ತಿರುಗಿತೆಂದರೆ ಪದ ತಾನಾಗಿಯೇ ಏಳುತ್ತಿತ್ತು. ಸುಮ್ಮನೆ ಕೂತಾಗ ಹಾಡು ಎಂದರೆ ಮಾತ್ರ ಒಂದು ಸಾಲೂ ಬರುತ್ತಿರಲಿಲ್ಲ. ಮಠದಲ್ಲಿ ಸೋಮವಾರ ಗಂಡಸರು ತಾಳ, ತಂಬೂರಿ ಹಿಡಿದು ಭಜನೆ ಮಾಡುತ್ತಿದ್ದರು. ಆಯಿ ಹಿಂದೆ ಕೂತು ಎಲ್ಲ ಕೇಳಿ ಬಂದು ಹೇಳುತ್ತಿದ್ದಳು: "ಚಲೋ ಹಾಡ್ತಾರ. ಆದ್ರ ಎಷ್ಟ ಹಾಡಿದ್ರೂ ಒಂದು ರೊಟ್ಟಿಗೆ ಆಗೋವಷ್ಟು ಹಿಟ್ಟು ಬೀಳಂಗಿಲ್ಲ ನೋಡು."

ಎರಡು ವಿಷಯಕ್ಕೆ ಆಕೆಗೆ ಕೆಂಡದಂಥ ಸಿಟ್ಟು. ಒಂದು, ಉಣ್ಣುವುದನ್ನು ಚೆಲ್ಲುವುದು. ಇನ್ನೊಂದು, ಸುಳ್ಳು. ನಾನು ಒಮ್ಮೆ ಬೆಲ್ಲ ಕದ್ದು ತಿಂದು ಇಲ್ಲ ಎಂದಿದ್ದಕ್ಕೆ, ಕದ್ದದ್ದನ್ನು ಬಿಟ್ಟು ಇಲ್ಲ ಎಂದದ್ದಕ್ಕೇ ಎರಡು ದಿನ ಮಾತು ಬಿಟ್ಟಿದ್ದಳು. ಆದರೆ ಜಂಬ ಸುಳ್ಳಲ್ಲ ಎಂದು ಆಕೆಯ ನಂಬಿಕೆ. ಓಣಿಯ ಹೆಂಗಸರ ಮುಂದೆ, "ನನ್ನ ಹೊಟ್ಯಾಗ ಸಾವಿರ ಪದ ಅದಾವ" ಎಂದು ದಿನ ಬೆಳಗಾದರೆ ಕೊಚ್ಚಿಕೊಳ್ಳುತ್ತಿದ್ದಳು. ಯಾರೂ ಎಣಿಸಿ ನೋಡಿರಲಿಲ್ಲ, ಆಕೆಯೂ ನೋಡಿರಲಿಲ್ಲ.

ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಒಂದು ಹದಿನೈದು ದಿನ ಇತ್ತು, ಇನ್ನೊಂದು ಮೂರೇ ದಿನ. ನನಗೆ ಒಂಬತ್ತು ತುಂಬುವ ಹೊತ್ತಿಗೆ ಅವ್ವ ಮತ್ತೆ ಬಸುರಾದಳು. ಏಳು ತಿಂಗಳಾದಾಗ ಆಯಿ ನನ್ನ ಕೈ ಹಿಡಿದುಕೊಂಡು ಮಠಕ್ಕೆ ಹೋಗಿ ಅಯ್ಯನವರ ಮುಂದೆ ಕೂತಳು.

"ಬುದ್ಧೀ, ಹ್ವಾದ ಎರಡೂ ಕೂಸನ್ನ ಹುಟ್ಟಿದ ಕೂಡ್ಲೇ ಎತ್ತಿಕೊಂಡಾಕಿ ನಾನ ರೀ. ಈ ಕೂಸು ಚಂದಾಗಿ ಹುಟ್ಟಿದ್ರ ಮಠದ ದಾಸೋಹಕ್ಕ ನೂರಾ ಒಂದು ಪದದ ಹಿಟ್ಟು ಬೀಸಿ ಕೊಡ್ತೀನಿ. ಒಮ್ಮಿ ಅಂದ ಪದ ಮತ್ತ ಅನ್ನಂಗಿಲ್ಲ. ಅದು ಮುಗಿಯೋತನ ಕೂಸನ್ನ ಮುಟ್ಟಂಗಿಲ್ಲ."

ಅಯ್ಯನವರು ಜಾಣರು. "ಐವತ್ತು ಸೇರು ಅಂತ ಅಂದ್ರ ಸಾಕಲ್ಲವ್ವಾ" ಎಂದರು. ಆಯಿಗೆ ಅದು ತಿಳಿಯಲೇ ಇಲ್ಲ. ಸೇರಿನಲ್ಲಿ ಹರಕೆ ಹೊರುವುದು ದುಡ್ಡಿದ್ದವರ ಕೆಲಸ. ಅವರು ಆಳಿನಿಂದ ಬೀಸಿಸಿ ಕಳಿಸಬಹುದು. ಪದ ಆದರೆ ತಾನೇ ಬೀಸಬೇಕು.

ಕೂಸು ಹುಟ್ಟಿತು. ಹೆಣ್ಣು, ದುಂಡಗೆ, ಕಿವಿ ಹರಿಯುವಂಥ ದನಿ. ಅವ್ವನಿಗೆ ತವರಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಬಾಣಂತನ ನಮ್ಮ ಮನೆಯಲ್ಲಿಯೇ. ಹೆರಿಗೆ ಮಾಡಿಸಿದವಳು ಎದುರುಮನೆಯ ಬೂಬಮ್ಮ. ಮುಸಲ್ಮಾನರ ಮನೆಯ ಹಿರಿಯ ಹೆಂಗಸರನ್ನು ನಾವೆಲ್ಲ ಬೂಬಮ್ಮ ಎಂದೇ ಕರೆಯುತ್ತಿದ್ದೆವು. ಆಕೆ ಆಯಿಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ನಾಲ್ಕು ವರ್ಷ ದೊಡ್ಡದು. ಕೂಸನ್ನು ಒರೆಸಿ ಬಟ್ಟೆ ಸುತ್ತಿ ಹೊರಗೆ ತಂದು ಆಯಿಯ ಮುಂದೆ ಹಿಡಿದಳು. ಆಯಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಮೂಗು ನೋಡಿದಳು, ಬೆರಳು ಎಣಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಅತ್ತಳು. ಅದು ಸಂತೋಷದ ಅಳು ಎಂದು ನನಗೆ ಆಗ ತಿಳಿಯಲಿಲ್ಲ.

ನಮ್ಮಲ್ಲಿ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ. ಮರುದಿನವೇ ಆಯಿ ಕಲ್ಲು ತೊಳೆದು, ವಿಭೂತಿ ಹಚ್ಚಿ ಕೂತಳು. ಮನೆಯವರಿಗೆ ಬೇಕಾದ ಹಿಟ್ಟನ್ನು ಓಣಿಯವರು ಬೀಸಿಕೊಡಲು ಒಪ್ಪಿದರು. ಒಂದು ಪದ ಮುಗಿದರೆ ನಾನು ಗಡಿಗೆಯಲ್ಲಿ ಒಂದು ಹುಣಸೆಬೀಜ ಹಾಕಬೇಕು. ಪದದ ಮೊದಲ ಸಾಲನ್ನು ನೆನಪಿಟ್ಟುಕೊಂಡು ಗುರುವಾರ ಬಂದ ಅಪ್ಪನಿಗೆ ಹೇಳಬೇಕು, ಅಪ್ಪ ಬರೆದುಕೊಳ್ಳಬೇಕು. ಅಂದದ್ದೇ ಮತ್ತೆ ಅಂದುಬಿಟ್ಟರೆ ಗೊತ್ತಾಗಲಿ ಎಂದು. ಅಪ್ಪನಿಗೆ ಕನ್ನಡ ಬರೆಯಲು ಕೈ ಓಡುತ್ತಿರಲಿಲ್ಲ. ಬೀಸುಕಲ್ಲಿನ ಪದಗಳ ಮೊದಲ ಸಾಲುಗಳನ್ನೆಲ್ಲ ಆತ ಕಚೇರಿಯ ಕಾಗದದ ಮೇಲೆ ಉರ್ದು ಅಕ್ಷರದಲ್ಲಿ, ಬಲಗಡೆಯಿಂದ ಎಡಕ್ಕೆ ಬರೆದ. ಆಯಿ ಅದನ್ನು ತಿರುವಿ ಮುರುವಿ ನೋಡಿ, "ನನ್ನ ಪದಾನೆಲ್ಲ ಹಿಂದ್ಮುಂದ ಬರ್ದಾನ ನನ್ನ ಮಗ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೊದಲ ವಾರ ಮನೆಯೇ ಹಬ್ಬದ ಮನೆ. ದಿನಕ್ಕೆ ಎಂಟು, ಹತ್ತು ಪದ. ಬೂಬಮ್ಮ ದಿನಾ ಬಂದು ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಎರೆಯುವಾಗ ಬೇಕೆಂದೇ ಗಟ್ಟಿಯಾಗಿ, "ಅಬ್ಬಬ್ಬಾ, ಏನ್ ಮೆತ್ತಗ ಐತಿ ತೊಡಿ! ಅಲ್ಲಾ, ಬೆಣ್ಣಿ ಅಂದ್ರ ಬೆಣ್ಣಿ! ಪಾಪ, ಕೆಲವರ ಕೈಗೆ ಇದು ಸಿಗಂಗಿಲ್ಲ" ಎನ್ನುವಳು. ಆಯಿ ಕಲ್ಲಿನ ಮುಂದೆ ಹಲ್ಲು ಕಚ್ಚಿ, "ಮುಟ್ಟಿದ್ದು ಸಾಕು, ಕೂಸಿಗೆ ತಂಡಿ ಹತ್ತತೈತಿ" ಎಂದು ಕೂಗುವಳು. ಕೂಸು ಅತ್ತರೆ ಆಯಿಯ ಕೈ ತಾನಾಗಿ ಗೂಟ ಬಿಡುತ್ತಿತ್ತು. ಮತ್ತೆ ಹಿಡಿದು ದನಿ ಏರಿಸಿ ಹಾಡುತ್ತಿದ್ದಳು. ಕೆಲವೇ ದಿನಗಳಲ್ಲಿ ಕೂಸು ಕಲ್ಲಿನ ಸದ್ದಿಗೆ ಮಲಗಲು ಕಲಿಯಿತು, ಕಲ್ಲು ನಿಂತರೆ ಎಚ್ಚರಾಗುತ್ತಿತ್ತು. ಅವ್ವನೂ ಹಟದವಳೇ. "ನಮ್ಮತ್ತಿ ಎತ್ತಿಕೊಳ್ಳೋತನ ತೊಟ್ಲಾ ಕಟ್ಟಂಗಿಲ್ಲ, ಹೆಸರೂ ಇಡಂಗಿಲ್ಲ" ಎಂದು ಹಾಸಿಗೆಯಿಂದಲೇ ಹುಕುಂ ಹೊರಡಿಸಿದಳು.

ತೊಂದರೆ ಶುರುವಾದದ್ದು ಎಪ್ಪತ್ತು ದಾಟಿದ ಮೇಲೆ. ಆಯಿ ಗೂಟ ಹಿಡಿದು ಎರಡು ಸುತ್ತಿನ ಬದಲು ಹತ್ತು ಸುತ್ತು, ಇಪ್ಪತ್ತು ಸುತ್ತು ತಿರುಗಿಸಿದರೂ ಪದ ಏಳುತ್ತಿರಲಿಲ್ಲ. ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಎತ್ತಿನ ಕೊರಳ ಗೆಜ್ಜೆಯ ಮಾತಿನಿಂದ ಒಂದು ಪದ ತೆಗೆದಳು. ನಾನು ಜೋಳ ಹಾಕುತ್ತಾ ಹಾಕುತ್ತಾ ಕೇಳಿದೆ. ಎರಡನೆಯ ನುಡಿಗೆ ನನಗೆ ಅನುಮಾನ ಬಂತು, ಮೂರನೆಯದಕ್ಕೆ ಖಾತ್ರಿಯಾಯಿತು. ತಂಗಿಯನ್ನು ಕರೆಯಲು ಹೊರಟ ಅಣ್ಣನ ಎತ್ತು ಹಳ್ಳದಲ್ಲಿ ಕುಂಟಿ ನಿಲ್ಲುವ ಪದ ಅದು. ಮೊದಲ ವಾರದಲ್ಲೇ ಆಯಿ ಅದನ್ನು ಹೇಳಿದ್ದಳು. ಆಗ ತಂಗಿ ಬಾಗಿಲಲ್ಲಿ ನಿಂತು ದಾರಿ ನೋಡುವಲ್ಲಿಂದ ಎತ್ತಿಕೊಂಡಿದ್ದಳು. ತಲೆ ಬೇರೆ, ಮೈ ಒಂದೇ. ಅಪ್ಪನ ಕಾಗದದಲ್ಲಿ ಮೊದಲ ಸಾಲು ಮಾತ್ರ ಇತ್ತು, ಹಾಗಾಗಿ ಆತನಿಗೆ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೇ. ಆಯಿಯ ಮುಖ ನೋಡಿದೆ. ಪದ ಸಿಕ್ಕ ಖುಷಿಯಲ್ಲಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ನಾನು ಸುಮ್ಮನೆ ಗಡಿಗೆಗೆ ಒಂದು ಬೀಜ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಿದರೆ ಹೇಳುತ್ತೇನೆ: ಆಕೆ ನನ್ನ ತಂಗಿಯನ್ನು ಎತ್ತಿಕೊಳ್ಳಲಿ ಎಂಬ ಆಸೆ. ಅಷ್ಟೇ.

ಎಂಬತ್ತೆಂಟಕ್ಕೆ ಆಯಿಯ ಹೊಟ್ಟೆ ಪೂರ್ತಿ ಬರಿದಾಯಿತು. ಗೂಟ ಬಿಟ್ಟು, "ಮುಗದ್ವು" ಎಂದಳು. ಸಾವಿರ ಪದದ ಒಡತಿ ಎರಡು ದಿನ ಓಣಿಯಲ್ಲಿ ಮುಖ ತೋರಿಸಲಿಲ್ಲ. ಅವ್ವ ಹೇಳಿದಳು, "ಅತ್ತೀ, ದೇವರೇನು ಎಣಿಸ್ಕೊಂತ ಕುಂತಾನೇನ್ರಿ? ಬಂದು ಎತ್ತಿಕೊಳ್ರಿ."

"ದೇವ್ರು ಎಣಿಸಂಗಿಲ್ಲಬೇ," ಎಂದಳು ಆಯಿ, "ನಾ ಎಣಿಸ್ತೀನಿ ಅಂದೀನಲ್ಲ."

ಬೇರೆಯವರ ಪದ ಕಲಿತು ಹೇಳಬಾರದು ಎಂದು ಹರಕೆಯಲ್ಲಿ ಇರಲಿಲ್ಲ ಎಂದು ನೆನಪು ಮಾಡಿದವನು ಅಪ್ಪ. ಕಚೇರಿಯ ಮನುಷ್ಯ, ಕಾಯಿದೆ ಬಲ್ಲವನು. ಸುದ್ದಿ ಹಬ್ಬಿದ್ದೇ ತಡ, ಓಣಿಯ ಹೆಂಗಸರು ಕೈಯಲ್ಲಿ ಕಡಗೋಲು ಹಿಡಿದವರು ಹಿಡಿದಂತೆಯೇ ಬಂದರು. ಒಬ್ಬಳು ನಾದಿನಿಯನ್ನು ಬೈಯುವ ಪದ ತಂದಳು, ಇನ್ನೊಬ್ಬಳು ಹತ್ತಿ ಬಿಡಿಸುವವರ ಪದ. ಒಬ್ಬಾಕೆ ತಂದದ್ದನ್ನು ನನ್ನ ಕಿವಿ ಮುಚ್ಚಿಸಿ ಹೇಳಿದರು. ಆಯಿ ಕೇಳಿ ನಕ್ಕು ನಕ್ಕು, "ಇದನ್ನ ಮಠದ ಹಿಟ್ಟಿಗೆ ಹಾಕಿದ್ರ ಉಂಡವರೆಲ್ಲ ಸನ್ಯಾಸ ಬಿಟ್ಟಾರು" ಎಂದು ವಾಪಸು ಕಳಿಸಿದಳು. ಅಂತೂ ಎಂಟು ನಿಂತವು. ತೊಂಬತ್ತಾರು ಆಯಿತು.

ಆಯಿಯ ಅಕ್ಕ ವಳಕಮದಿನ್ನಿಯಲ್ಲಿದ್ದಳು. ಜೋಳದ ಬಂಡಿಯಲ್ಲಿ ಆಯಿ, ನಾನು ಅಲ್ಲಿಗೆ ಹೋದೆವು. ಆ ಅಕ್ಕನ ಬಾಯಲ್ಲಿ ಹಲ್ಲಿರಲಿಲ್ಲ, ಕಿವಿ ಅರ್ಧ ಕೇಳುತ್ತಿರಲಿಲ್ಲ, ನೆನಪು ಮಾತ್ರ ಗಟ್ಟಿ. ತಂಗಿ ಪದ ಬೇಡಲು ಬಂದಿದ್ದಾಳೆಂದು ತಿಳಿದ ಕೂಡಲೇ ಮುದುಕಿ ಗತ್ತು ಮಾಡಿದಳು. "ಸಣ್ಣಾಕಿದ್ದಾಗ ನನ್ನ ಹಸರ ಅಂಚಿನ ಕುಬಸ ಹಾಕ್ಕೊಂಡು ಹೋಗಿ ಹರಕೊಂಡು ಬಂದಿ. ಅದಕ್ಕೇನು ಹೇಳ್ತಿ?"

"ಅರವತ್ತು ವರ್ಸ ಆತಲ್ಲಬೇ ಯಕ್ಕಾ!"

"ಕುಬಸ ಹೊಸದಿತ್ತು."

ಆಯಿ ತಪ್ಪಾಯಿತು ಎಂದು ಅಕ್ಕನ ಕಾಲು ಮುಟ್ಟಿದಳು. ಆಮೇಲೆ ಅಕ್ಕತಂಗಿಯರು ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ಎರಡು ದಿನ ಬೀಸಿದರು. ಅವರವ್ವ ಹೇಳುತ್ತಿದ್ದ ಪದಗಳಂತೆ. ಅರ್ಧ ಇವಳಿಗೆ ನೆನಪು, ಅರ್ಧ ಅವಳಿಗೆ. ಕೂಡಿಸಿ ನಾಲ್ಕು ಪದ ಮಾಡಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಚಿಕ್ಕ ಹುಡುಗಿಯರ ಹಾಗೆ ಕುಣಿದರು. ನನ್ನ ಜೀವಮಾನದಲ್ಲಿ ಆಯಿ ಕುಣಿದದ್ದನ್ನು ನೋಡಿದ್ದು ಅದೊಂದೇ ಸಲ. ಆ ಹಿಟ್ಟನ್ನು ಕಟ್ಟಿಕೊಂಡು ಮಸ್ಕಿಗೆ ಬಂದೆವು. ಗಡಿಗೆಯಲ್ಲಿ ನೂರು ಬೀಜ.

ಕೊನೆಯದೊಂದನ್ನು ಕೊಟ್ಟವಳು ಬೂಬಮ್ಮ. ಅವತ್ತು ಶುಕ್ರವಾರ, ಅಪ್ಪ ಮನೆಯಲ್ಲಿದ್ದ. ಕೂಸಿಗೆ ಎರೆದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಆಕೆ ಅಂದಳು, "ನಮ್ಮ ಮಂದಿನೂ ಜೋಳಾ ಬೀಸೇ ತಿಂತಾರ. ನಮಗೂ ಪದ ಅದಾವ. ನೀ ಒಬ್ಬಾಕಿ ಕೇಳಲೇ ಇಲ್ಲ."

ಆಯಿ ಕೇಳಿದಳು, "ಅದರಾಗ ಯಾರ ಹೆಸರೈತಿ?"

"ಅಲ್ಲಾನ ಹೆಸರೈತಿ. ಪೀರಾಂದು ಐತಿ."

"ಮತ್ತ ಹಿಟ್ಟು?"

"ಹಿಟ್ಟು ಜೋಳದ್ದ ಇರ್ತೈತಲ್ಲ, ಇನ್ಯಾರದು?"

ನೆರೆದಿದ್ದ ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, "ಮಠದ ಹಿಟ್ಟಿಗೆ ಸಾಬರ ಪದ ನಡಿತೈತೇನ್ರಿ?" ಎಂದಳು. ಆಯಿ ತಿರುಗಿ ನೋಡಿದಳು. "ಕೂಸಿಗೆ ದಿನಾ ಎರಿಯಾಕ ಈಕಿ ಕೈ ನಡಿತೈತಿ, ಬಾಯಿ ನಡಿಯಂಗಿಲ್ಲೇನು?" ಬೂಬಮ್ಮ ಎದುರಿಗೆ ಕೂತಳು, ನಾನು ಪಕ್ಕಕ್ಕೆ ಸರಿದು ಜೋಳ ಹಾಕಿದೆ. ಅವರ ಮನೆಮಾತಿನ ಆ ಪದವನ್ನು ಬೂಬಮ್ಮ ಒಂದೊಂದು ಸಾಲು ಹೇಳಿಕೊಟ್ಟಳು, ಆಯಿ ಹಿಂದೆಯೇ ಹೇಳಿದಳು. ಆಯಿಯ ಬಾಯಲ್ಲಿ ಆ ಮಾತುಗಳು ಅಡ್ಡಾದಿಡ್ಡಿಯಾಗಿ ಹೊರಬಿದ್ದವು. ಅಪ್ಪ ಬಾಗಿಲಿಗೆ ಒರಗಿ ಬಾಯಿಗೆ ಧೋತರದ ಚುಂಗು ಹಿಡಿದು ನಗುತ್ತಿದ್ದ. ಆದರೆ ಕಲ್ಲು ಒಮ್ಮೆಯೂ ತಡೆಯಲಿಲ್ಲ. ಪದ ಮುಗಿಯಿತು. ನಾನು ನೂರಾ ಒಂದನೆಯ ಬೀಜ ಹಾಕಿದೆ.

ಹೆಂಗಸರೆಲ್ಲ ಹೋ ಎಂದರು. ಅವ್ವ ಮೆಲ್ಲಗೆ ಎದ್ದು ಬಂದು, ಬೂಬಮ್ಮನ ಕೈಗೆ ಕೂಸನ್ನು ಕೊಟ್ಟಳು, ಆಕೆಯೇ ಕೊಡಲಿ ಎಂದು. ಅಪ್ಪ ಅಟ್ಟದಿಂದ ತೊಟ್ಟಿಲು ಇಳಿಸಿದ. ಆಯಿ ಕೈತೊಳೆದು, ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಎರಡೂ ಕೈ ಚಾಚಿದಳು. ಇಷ್ಟು ದಿನ ಬೀಸಿ ಬೊಬ್ಬೆ ಎದ್ದು ಒಡೆದ ಕೈ.

ನಾನು ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಹೋದ ಎರಡು ಕೂಸುಗಳು ನೆನಪಾದವು. ಹರಕೆ ಒಂದು ಪದ ಕಡಿಮೆಯಾದದ್ದಕ್ಕೆ ಈ ಕೂಸಿಗೂ ಏನಾದರೂ ಆದರೆ? ಅದು ನನ್ನ ಸುಳ್ಳಿನಿಂದಲೇ ಆದ ಹಾಗೆ.

"ಆಯೀ, ಒಂದು ಕಡಿಮಿ ಐತಿ" ಎಂದುಬಿಟ್ಟೆ. ಆಮೇಲೆ ಅಳುತ್ತಾ ಎಲ್ಲ ಹೇಳಿದೆ, ಎತ್ತಿನ ಪದ ಎರಡು ಸಲ ಬಂದದ್ದು, ನನಗೆ ಗೊತ್ತಿದ್ದೂ ಬೀಜ ಹಾಕಿದ್ದು.

ಆಯಿಯ ಕೈ ಅಲ್ಲೇ ನಿಂತವು. ಕೂಸು ಒಂದು ಗೇಣು ದೂರದಲ್ಲಿತ್ತು. ಅವ್ವ ನನ್ನ ತಲೆಯ ಮೇಲೆ ಮೊಟಕಿದಳು. "ನಿನ್ನ ಬಾಯಿಗೆ ಮಣ್ಣು ಹಾಕ, ಈಗ ಹೇಳ್ತೀಯೇನು?" ಎಂದು ಹೆಂಗಸರು ಬೈದರು. ಬೂಬಮ್ಮ, "ಹುಡುಗಿ ಮಾತು ಬಿಡು, ಹಿಡಿ ಕೂಸನ್ನ" ಎಂದಳು. ಆಯಿ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ತುಟಿ ಅಲ್ಲಾಡಿಸುತ್ತಾ ಎರಡೂ ಪದವನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಆಮೇಲೆ ಕೈ ಇಳಿಸಿ, "ಖರೇ ಐತಿ" ಎಂದಳು. ಮತ್ತೆ ಕಲ್ಲಿನ ಮುಂದೆ ಹೋಗಿ ಕೂತಳು.

ಇನ್ನು ಪದ ಎಲ್ಲಿಂದ ಬರಬೇಕು? ಓಣಿ ಬರಿದಾಗಿತ್ತು, ಅಕ್ಕ ಬರಿದಾಗಿದ್ದಳು. "ಬಾ ಬೇ ಇಲ್ಲಿ" ಎಂದು ಆಯಿ ನನ್ನನ್ನು ಕರೆದಳು. ಏಟು ಬೀಳುತ್ತದೆ ಎಂದು ಅಂಜುತ್ತಾ ಹೋದೆ. ನನ್ನ ಕೈ ಹಿಡಿದೆಳೆದು ಗೂಟದ ಮೇಲೆ ತನ್ನ ಕೈಯ ಕೆಳಗೆ ಇಟ್ಟುಕೊಂಡಳು. ಕಲ್ಲು ತಿರುಗಿತು. ಹತ್ತು ಸುತ್ತು, ಇಪ್ಪತ್ತು ಸುತ್ತು. ಆಮೇಲೆ ಆಯಿ, ತನ್ನವ್ವನಿಂದ ಕಲಿತದ್ದನ್ನು ಬಿಟ್ಟು ಒಂದು ಸಾಲನ್ನೂ ಸ್ವಂತ ಕಟ್ಟದ ಆಯಿ, ದನಿ ತೆಗೆದಳು.

ಎಣಿಕೀಯ ತಪ್ಪನ್ನ ಎತ್ತಿ ಹೇಳಿದ ಮಗಳ
ನಾಲಿಗಿ ಮ್ಯಾಲ ಸಿವನಿರಲಿ – ಕೂಸವ್ವ
ಅಕ್ಕನ ಹಾಂಗ ನಿಜ ನುಡಿಯ

ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಎಣ್ಣೆ ಹಚ್ಚಿದ ಬೂಬಮ್ಮ ಬಂದಳು, ಹಿಂದುಮುಂದಾಗಿ ಬರೆಯುವ ಮಗ ಬಂದ, ಹಟಮಾರಿ ಸೊಸೆ ಬಂದಳು, ಹಸಿರು ಅಂಚಿನ ಕುಬುಸವೂ ಬಂತು. ಉಳಿಯದೆ ಹೋದ ಎರಡು ಕೂಸುಗಳಿಗೂ ಒಂದೊಂದು ನುಡಿ ಇತ್ತು. ಆಗ ಮಾತ್ರ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅರ್ಧ ಸೇರಿಗೆ ಮುಗಿಯಬೇಕಾದ ಪದ ಎರಡು ಸೇರು ಜೋಳ ತಿಂದಿತು. ಕಲ್ಲು ನಿಂತಾಗ ಕೂಸು ಎಚ್ಚರಾಗಿ ಕಿರುಚಿತು.

ಬೂಬಮ್ಮ ಕೂಸನ್ನು ತಂದು ಮುಂದೆ ಹಿಡಿದಳು. ಆಯಿ ಕೈ ಚಾಚಲಿಲ್ಲ. ಹಿಟ್ಟು ಮೆತ್ತಿದ ಮುಖವನ್ನು ನನ್ನ ಕಡೆ ತಿರುಗಿಸಿ, ಬೈಗುಳವಿಲ್ಲದೆ, ನಗುವಿಲ್ಲದೆ, ದೊಡ್ಡವರನ್ನು ಕೇಳುವ ಹಾಗೆ ಕೇಳಿದಳು: "ಆತೇನಬೇ? ಈಗರೆ ಎತ್ತಿಕೊಳ್ಳಲೇನು?"

ನಾನು ಹೂಂ ಎಂದೆ. ಆಯಿ ಎತ್ತಿಕೊಂಡಳು.